ಮುರಕಲ್ಲಿನ ಊರಿನಿಂದ ಪಿಎಚ್‌.ಡಿ.ಗೆ ಅರ್ಜಿ

ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿ ಜಿಯಾಲಜಿ, ಅಂದರೆ ಭೂವಿಜ್ಞಾನ, ಇದೆ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಇದೆ, ತಲಪಾಡಿ ದಾಟಿದರೆ ಕೊಣಾಜೆಯಲ್ಲೂ ಇದೆ. ಎಂ.ಎಸ್ಸಿ. ಮುಗಿಸಿ ಹೊರಬಂದ ನಮ್ಮ ಹುಡುಗ ಹುಡುಗಿಯರು ಫೋನ್ ಮಾಡಿ ಕೇಳುವುದು ಒಂದೇ: 'ಪಿಎಚ್‌.ಡಿ.ಗೆ ಯಾವ ಫಾರಂ ತುಂಬಬೇಕು?' ಫಾರಂ ತುಂಬಲು ಅರ್ಧ ದಿನ ಸಾಕು. ಅದಕ್ಕೆ ಮುಂಚಿನದ್ದು ಒಂದು ವರ್ಷದ ಕೆಲಸ.

ಪರೀಕ್ಷೆ

ಮುಖ್ಯ ಬಾಗಿಲು ಎರಡು. ಒಂದು ಸಿಎಸ್‌ಐಆರ್-ಯುಜಿಸಿ ನೆಟ್, ಸಂಶೋಧನೆ ಮತ್ತು ಅಧ್ಯಾಪನಕ್ಕೆ ರಾಷ್ಟ್ರೀಯ ಅರ್ಹತಾ ಪರೀಕ್ಷೆ. ಜೂನ್ ಮತ್ತು ಡಿಸೆಂಬರ್ ಲೆಕ್ಕದಲ್ಲಿ ವರ್ಷಕ್ಕೆರಡು ಬಾರಿ, ದಿನಾಂಕ ಹಿಂದೆಮುಂದೆ ಆಗುವುದು ಮಾಮೂಲು. ಭೂಮಿ, ವಾತಾವರಣ, ಸಾಗರ, ಗ್ರಹ ಎಲ್ಲ ಸೇರಿ ಒಂದೇ ಪತ್ರಿಕೆ; 3 ಗಂಟೆ, 200 ಅಂಕ. ಅದರಲ್ಲಿ 100 ಅಂಕ ಸಿ ಭಾಗದ್ದು. ಅಲ್ಲಿ 80 ಪ್ರಶ್ನೆ ಇರುತ್ತವೆ, ಉತ್ತರಿಸಬೇಕಾದ್ದು 25 ಮಾತ್ರ. ಹಾಗಾಗಿ ಸಾಗರವಿಜ್ಞಾನ ಓದಿಲ್ಲವೆಂದು ಅಳುವ ಅಗತ್ಯವಿಲ್ಲ, ನಿಮ್ಮ ಪಾಲಿನ 25 ಹುಡುಕಿಕೊಳ್ಳಿ. ತಪ್ಪಿಗೆ ಅಂಕ ಕಡಿತ ಇದೆ, ಕಣ್ಣುಮುಚ್ಚಿ ಗುರುತು ಹಾಕಬೇಡಿ. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕಿದರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಜೆಆರ್‌ಎಫ್ ಕೈತಪ್ಪಿದರೂ ಬಾಗಿಲು ಮುಚ್ಚುವುದಿಲ್ಲ. 2024ರಿಂದ 'ಪಿಎಚ್‌.ಡಿ. ಪ್ರವೇಶಕ್ಕೆ ಮಾತ್ರ' ಎಂಬ ವರ್ಗವೂ ಇದೆ. ಅಲ್ಲಿ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ; ಆ ಅಂಕ ಒಂದು ವರ್ಷ ಮಾತ್ರ ಚಾಲ್ತಿ.

ಇನ್ನೊಂದು ಗೇಟ್, ಎಂಜಿನಿಯರಿಂಗ್ ಮತ್ತು ವಿಜ್ಞಾನ ಓದಿದವರ ರಾಷ್ಟ್ರಮಟ್ಟದ ಪರೀಕ್ಷೆ. ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಅರ್ಜಿ, ಫೆಬ್ರವರಿಯಲ್ಲಿ ಪರೀಕ್ಷೆ, ಅಂಕ ಮೂರು ವರ್ಷ ಬಾಳುತ್ತದೆ. ಐಐಟಿಗಳಿಗೂ ಬೆಂಗಳೂರಿನ ಐಐಎಸ್‌ಸಿಗೂ ಅರ್ಜಿ ಹಾಕುವ ಆಸೆ ಇದ್ದರೆ ಇದನ್ನು ಬಿಡಬೇಡಿ. ಫಿಸಿಕ್ಸ್ ಎಂ.ಎಸ್ಸಿ.ಯವರಿಗೂ ಇಲ್ಲಿ ಜಾಗವಿದೆ. ಭೂಭೌತ ಮತ್ತು ವಾತಾವರಣ ವಿಭಾಗಗಳಿಗೆ ಗಣಿತ ಬಲ್ಲವರು ಬೇಕು.

ಪ್ರಶ್ನೆ

ಅರ್ಜಿಗಳು ಸೋಲುವುದು ಹೆಚ್ಚಾಗಿ ಇಲ್ಲಿ. ಸಂಶೋಧನಾ ಪ್ರಸ್ತಾವಕ್ಕೆ 'ಕಾಸರಗೋಡು ಜಿಲ್ಲೆಯ ಅಂತರ್ಜಲದ ಅಧ್ಯಯನ' ಎಂದು ತಲೆಬರಹ ಕೊಟ್ಟವರನ್ನು ಕಂಡಿದ್ದೇನೆ. ಅದು ಪ್ರಶ್ನೆಯಲ್ಲ, ಇಲಾಖೆಯ ಫೈಲಿನ ಹೆಸರು.

ಬಾಯಾರು, ಪಡ್ರೆ ಕಡೆಯ ಯಾವುದಾದರೂ ಅಡಿಕೆ ತೋಟಕ್ಕೆ ಹೋಗಿ ಸುರಂಗದ ಬಾಯಲ್ಲಿ ನಿಲ್ಲಿ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಆ ಬಿಲದಿಂದ ಪಂಪು, ಕರೆಂಟು ಯಾವುದೂ ಇಲ್ಲದೆ ನೀರು ತಾನಾಗಿ ಹರಿದು ಬರುತ್ತದೆ. ಮೇಲಿನ ಮುರಕಲ್ಲು (ಕೆಂಪುಕಲ್ಲು) ತೂತುತೂತು, ಮಳೆಯನ್ನು ಹೀರಿ ಬಿಡುತ್ತದೆ. ಅದರ ಅಡಿಯ ಶೇಡಿಮಣ್ಣು, ಅಂದರೆ ಮೆತ್ತಗಿನ ಜೇಡಿ, ನೀರನ್ನು ಸುಲಭಕ್ಕೆ ಕೆಳಗಿಳಿಯಗೊಡುವುದಿಲ್ಲ. ನಡುವೆ ನಿಂತ ನೀರೇ ಸುರಂಗದ ನೀರು. ಈಗ ಕೇಳಿ: ಮಳೆಗಾಲ ಮುಗಿದು ಎಷ್ಟು ವಾರಕ್ಕೆ ಹರಿವು ಅರ್ಧಕ್ಕೆ ಇಳಿಯುತ್ತದೆ? ಶೇಡಿಯ ಪದರ ಆಳದಲ್ಲಿದ್ದ ಕಡೆ ಇಳಿಕೆ ನಿಧಾನವೇ? ಪಕ್ಕದಲ್ಲಿ ಬೋರ್‌ವೆಲ್ ಇಳಿದರೆ ಏನಾಗುತ್ತದೆ? ಇವುಗಳಲ್ಲಿ ಯಾವುದಾದರೂ ಒಂದು ಪ್ರಸ್ತಾವಕ್ಕೆ ಬೀಜವಾದೀತು. ವಾರಕ್ಕೊಮ್ಮೆ ಕೊಡಪಾನ ಹಿಡಿದು ತುಂಬಲು ಎಷ್ಟು ಸೆಕೆಂಡು ಬೇಕೆಂದು ಬರೆದಿಡಿ. ಅರ್ಜಿ ಹಾಕುವ ಹೊತ್ತಿಗೆ ಆರು ತಿಂಗಳ ನಿಮ್ಮದೇ ಅಂಕಿಅಂಶ ಕೈಯಲ್ಲಿರುತ್ತದೆ, ಖರ್ಚು ಒಂದು ನೋಟುಪುಸ್ತಕ.

ಗೈಡ್

ಪ್ರಶ್ನೆ ಸಿಕ್ಕಿದ ಮೇಲೆ ಅದಕ್ಕೆ ಬೇಕಾದ ಯಂತ್ರ ಎಲ್ಲಿದೆ ನೋಡಿ. ಮಳೆನೀರೋ ಹಳೆಯ ನೀರೋ ಎಂದು ತಿಳಿಯಲು ಆಮ್ಲಜನಕದ ಐಸೊಟೋಪ್ (ಒಂದೇ ಧಾತುವಿನ ಬೇರೆಬೇರೆ ತೂಕದ ಪರಮಾಣು) ಅಳೆಯಬೇಕಾದೀತು. ಆ ಪ್ರಯೋಗಾಲಯ ಇಲ್ಲದ ಕಡೆ ಗೈಡ್ ಎಷ್ಟು ಒಳ್ಳೆಯವರಾದರೂ ಪ್ರಯೋಜನವಿಲ್ಲ. ತಿರುವನಂತಪುರದ ರಾಷ್ಟ್ರೀಯ ಭೂವಿಜ್ಞಾನ ಅಧ್ಯಯನ ಕೇಂದ್ರ, ಹೈದರಾಬಾದಿನ ಭೂಭೌತ ಸಂಶೋಧನಾ ಸಂಸ್ಥೆ ಎನ್‌ಜಿಆರ್‌ಐ, ಗೋವಾದ ಸಾಗರವಿಜ್ಞಾನ ಸಂಸ್ಥೆ ಎನ್‌ಐಒ, ಇವುಗಳ ಪುಟಗಳಲ್ಲಿ ಒಬ್ಬೊಬ್ಬರ ಇತ್ತೀಚಿನ ಲೇಖನ ಓದಿ. ಆಮೇಲೆ ಮೇಲ್ ಬರೆಯಿರಿ, ಹತ್ತು ಸಾಲಿಗೆ ಮೀರಬಾರದು: ನೀವು ಯಾರು, ಅವರ ಯಾವ ಲೇಖನ ಓದಿದಿರಿ, ನಿಮ್ಮ ಪ್ರಶ್ನೆ ಏನು, ಯಾವ ಪರೀಕ್ಷೆ ಪಾಸಾಗಿದೆ. ನಾನು ಹಿಂದೆ ಒಂದೇ ಪತ್ರವನ್ನು ಮೂವತ್ತು ಮಂದಿಗೆ ಕಳಿಸಿದ್ದೆ. ಒಬ್ಬರ ಹೆಸರು ಇನ್ನೊಬ್ಬರ ಪತ್ರದಲ್ಲಿ ಉಳಿದುಹೋಗಿತ್ತು. ಉತ್ತರ ಬಂದದ್ದು ಒಂದು, ಅದೂ ಹೆಸರು ತಿದ್ದಿಕೊಳ್ಳಿ ಎಂದು.

ಕಾಗದಪತ್ರ

ಎಸ್ಸೆಸ್ಸೆಲ್ಸಿಯಲ್ಲಿ ಇನಿಶಿಯಲ್, ಆಧಾರಿನಲ್ಲಿ ಮನೆತನದ ಹೆಸರು: ನಮ್ಮೂರಿನ ಹಳೆಯ ಕಾಯಿಲೆ. ಈಗಲೇ ಸರಿಮಾಡಿಸಿ. ಒಬಿಸಿಯವರು ಅಕ್ಷಯ ಕೇಂದ್ರಕ್ಕೆ (ಕೇರಳದ ಆನ್‌ಲೈನ್ ಸೇವಾ ಕೇಂದ್ರ) ಹೋದಾಗ ಕೇಂದ್ರ ಸರಕಾರದ ನಮೂನೆಯ ನಾನ್ ಕ್ರೀಮಿಲೇಯರ್ ಪ್ರಮಾಣಪತ್ರ ಎಂದು ಸ್ಪಷ್ಟವಾಗಿ ಹೇಳಿ. ರಾಜ್ಯದ ಪಟ್ಟಿ, ಕೇಂದ್ರದ ಪಟ್ಟಿ ಒಂದೇ ಅಲ್ಲ. ಶಿಫಾರಸು ಪತ್ರ ಕೊಡುವ ಮೇಷ್ಟ್ರುಗಳಿಗೆ ಮೂರು ವಾರ ಮೊದಲೇ ಹೇಳಿಡಿ.

ಸಂದರ್ಶನ

'ನಿಮ್ಮ ಮನೆಯ ಗೋಡೆ ಯಾವುದರದ್ದು?' ಎಂದು ನನ್ನನ್ನು ಕೇಳಿದ್ದರು. ತಮಾಷೆ ಎಂದುಕೊಂಡು ಮುರಕಲ್ಲು, ಅಂದರೆ ಲ್ಯಾಟರೈಟ್ ಎಂದೆ. 'ಹಾಗಾದರೆ ಮೂಲಬಂಡೆಯ ಸಿಲಿಕಾ ಎಲ್ಲಿ ಹೋಯಿತು?' ಅಲ್ಲಿಂದ ಇಪ್ಪತ್ತು ನಿಮಿಷ ಅದೇ ಕಲ್ಲು. ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲು ಕಂಡ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಆ ಹೆಸರಿಟ್ಟದ್ದು ನನಗೆ ಬಾಯಿಪಾಠ. ಆದರೆ ಮಳೆನೀರು ಸಿಲಿಕಾವನ್ನು ಕರಗಿಸಿ ಒಯ್ದು ಕಬ್ಬಿಣ, ಅಲ್ಯೂಮಿನಿಯಂ ಉಳಿಸುತ್ತದೆ ಎಂಬುದನ್ನು ಹೇಳಲು ಬೆವರಿದೆ. ಹೋದ ಸಿಲಿಕಾದಲ್ಲಿ ಒಂದಿಷ್ಟು ಕೆಳಗಿನ ಶೇಡಿಯ ಜೇಡಿಯಲ್ಲೇ ಇದೆ, ಉಳಿದದ್ದು ಹೊಳೆ ಸೇರಿ ಕಡಲಿಗೆ ಎಂದು ಹೊಳೆದದ್ದು ರೈಲು ಚಂದ್ರಗಿರಿ ಸೇತುವೆ ದಾಟುವಾಗ.

ಹೊರಡುವ ಮುನ್ನ ನಿಮ್ಮದೇ ಎಂ.ಎಸ್ಸಿ. ಡಿಸರ್ಟೇಶನ್ ಮತ್ತೊಮ್ಮೆ ಓದಿ. ಅದರಲ್ಲಿರುವ ಪ್ರತಿಯೊಂದು ನಕ್ಷೆಯ ಸ್ಕೇಲೂ ನಿಮಗೆ ಗೊತ್ತಿರಲಿ.