ಹಾಲಿನ ಕವರ್ ತೊಳೆಯುವುದರಿಂದ ಶುರು ಮಾಡಿ

ಬೆಂಗಳೂರಿನಲ್ಲಿ ಕಸ ಬೇರ್ಪಡಿಸುವ ಲೆಕ್ಕ ‘ಎರಡು ಡಬ್ಬ, ಒಂದು ಚೀಲ’. ಹಸಿರು ಡಬ್ಬಕ್ಕೆ ಹಸಿ ಕಸ. ಕೆಂಪು ಡಬ್ಬಕ್ಕೆ ಪ್ಯಾಡ್, ಡೈಪರ್, ಬ್ಯಾಂಡೇಜ್. ಚೀಲಕ್ಕೆ ಒಣ ಕಸ. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಕೂಡ ಇದನ್ನೇ ಪಾಲಿಸಿ ಎಂದಿತು.

ಡಬ್ಬಗಳು ಬಹಳ ಮನೆಗಳಲ್ಲಿವೆ. ಆದರೆ ಒಣ ಕಸದ ಚೀಲವನ್ನೊಮ್ಮೆ ಬಗ್ಗಿ ನೋಡಿ. ಸಾಂಬಾರ್ ಅಂಟಿದ ಪಾರ್ಸೆಲ್ ಡಬ್ಬ, ಹಾಲು ಹುಳಿಯಾದ ಕವರ್, ಆ ಪಸೆಯನ್ನೆಲ್ಲ ಹೀರಿಕೊಂಡ ಪೇಪರ್. ಇದನ್ನು ಒಣ ಕಸ ಅನ್ನೋಕಾಗಲ್ಲ, ಅಲ್ವಾ? ಎಣ್ಣೆ ಹಿಡಿದ ಪೇಪರನ್ನು ಗುಜರಿಯವರೂ ಮುಟ್ಟುವುದಿಲ್ಲ.

ಹಾಗಾಗಿ ಮೊದಲ ಕೆಲಸ ತೊಳೆಯುವುದು. ಇದಕ್ಕೆ ಕಾವೇರಿ ನೀರು ಬೇಡ, ಅಕ್ಕಿ ತೊಳೆದ ನೀರೇ ಸಾಕು. ಹಾಲಿನ ಕವರ್ ಕತ್ತರಿಸುವಾಗ ಮೂಲೆಯನ್ನು ಪೂರ್ತಿ ತುಂಡು ಮಾಡಬೇಡಿ, ಕವರ್‌ಗೇ ಅಂಟಿಕೊಂಡಿರಲಿ. ಬಿಡಿಯಾದ ಆ ಚೂರನ್ನು ಯಾರೂ ಆರಿಸಲಾರರು, ಅದು ಸೀದಾ ಚರಂಡಿ ಸೇರುತ್ತದೆ. ತೊಳೆದ ಕವರನ್ನು ಬಟ್ಟೆ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸಿ. ಒಣಗಿದ ಮೇಲಷ್ಟೇ ಚೀಲಕ್ಕೆ ಹಾಕಿ. ಒಡೆದ ಗಾಜನ್ನು ಪೇಪರಿನಲ್ಲಿ ಸುತ್ತಿ, ಮೇಲೆ ‘ಗಾಜು’ ಎಂದು ಬರೆದು, ಗಾಡಿಯವರ ಕೈಗೆ ಹೇಳಿಯೇ ಕೊಡಿ.

ಇಷ್ಟೆಲ್ಲ ಯಾಕೆ? ಈ ಚೀಲ ಹೋಗುವುದು ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಕ್ಕೆ. ಅಲ್ಲಿ ಹಾಲಿನ ಕವರ್, ಬಾಟಲ್, ರಟ್ಟು, ತಗಡು ಎಲ್ಲವನ್ನೂ ಕೈಯಿಂದಲೇ ವಿಂಗಡಿಸಿ ಮಾರುತ್ತಾರೆ. ಎಷ್ಟೋ ಕೇಂದ್ರಗಳನ್ನು ನಡೆಸುತ್ತಿರುವವರು ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರು. 2011ರಿಂದ ನಮ್ಮ ಪಾಲಿಕೆ ಅವರಿಗೆ ಗುರುತಿನ ಚೀಟಿ ಕೊಡುತ್ತಾ ಬಂತು. ಸ್ವಚ್ಛವಾದ ಮಾಲಿಗೆ ಒಳ್ಳೆ ರೇಟು ಸಿಗುತ್ತದೆ, ಅದೇ ಅವರ ಸಂಪಾದನೆ. ಕೊಳೆತದ್ದು ಅವರ ಕೈಗೆ ಗಾಯ, ಸೋಂಕು ತರುತ್ತದೆ. ಕೊನೆಗೆ ಊರಾಚೆಯ ಗುಂಡಿ ಸೇರುತ್ತದೆ. ನನಗಂತೂ ಕವರ್ ತೊಳೆಯಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಆ ಗುಂಡಿಯೂ ಯಾರದೋ ಊರಿನ ಪಕ್ಕದಲ್ಲೇ ಇರುತ್ತದೆ. ನಮ್ಮ ಕಸ ವರ್ಷಗಟ್ಟಲೆ ಬೆಂಗಳೂರಿನ ಹೊರವಲಯದ ಮಂಡೂರು ಎಂಬ ಹಳ್ಳಿಯಲ್ಲಿ ಬಿತ್ತು. ನಾತ, ನೊಣ, ಕೆಟ್ಟ ನೀರು ತಾಳಲಾರದೆ ಅಲ್ಲಿನ ಜನ ಬೀದಿಗಿಳಿದರು. 2014ರ ಕೊನೆಗೆ ಅಲ್ಲಿಗೆ ಲಾರಿ ಹೋಗುವುದು ನಿಂತಿತು. ಇಂಥ ರಾಶಿಯಡಿ ಗಾಳಿಯಿಲ್ಲದೆ ಕೊಳೆಯುವ ಹಸಿ ಕಸದಿಂದ ಮೀಥೇನ್ ಹುಟ್ಟುತ್ತದೆ. ಭೂಮಿಯ ಬಿಸಿ ಏರಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಬಹಳ ಜೋರು. ಕಸದ ರಸ ಇಳಿದು ಅಂತರ್ಜಲ ಕೆಡುತ್ತದೆ.

ಆದ್ದರಿಂದ ಎರಡನೇ ಕೆಲಸ, ಹಸಿ ಕಸವನ್ನು ಆದಷ್ಟು ಮನೆಯಲ್ಲೇ ಗೊಬ್ಬರ ಮಾಡುವುದು. ತೂತು ಮಾಡಿದ ಹಳೇ ಬಕೆಟ್ ಸಾಕು. ತರಕಾರಿ ಸಿಪ್ಪೆ ಒಂದು ಪದರ, ಒಣ ಎಲೆ ಒಂದು ಪದರ. ಎಲೆಗೇನು ಬರ, ರಸ್ತೆ ಬದಿಯಲ್ಲೇ ರಾಶಿ ಇರುತ್ತದೆ. ವಾರಕ್ಕೊಮ್ಮೆ ಕೆದಕಿ. ವಾಸನೆ ಬಂದರೆ ತೇವ ಜಾಸ್ತಿ ಆಗಿದೆ ಎಂದರ್ಥ, ಇನ್ನಷ್ಟು ಎಲೆ ಸುರಿಯಿರಿ. ಬಕೆಟ್ ತುಂಬಿದ ಮೇಲೆ ಒಂದೆರಡು ತಿಂಗಳು ಬಿಟ್ಟರೆ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿದ್ಧ. ಜಾಗವಿಲ್ಲದವರು ಪ್ಲಾಸ್ಟಿಕ್ ಕವರ್ ಕಟ್ಟದೆ ಹಸಿ ಕಸವನ್ನು ಗಾಡಿಗೆ ಸುರಿದರೂ ದೊಡ್ಡ ಉಪಕಾರ.

ಹಳೇ ಚಾರ್ಜರ್, ಬ್ಯಾಟರಿ, ಬಲ್ಬ್ ಚೀಲಕ್ಕೆ ಬೇಡ, ಬೇರೆ ಡಬ್ಬದಲ್ಲಿಟ್ಟು ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ.

‘ನಾವು ಬೇರೆ ಮಾಡಿದರೂ ಗಾಡಿಯಲ್ಲಿ ಎಲ್ಲ ಒಂದೇ ಮಾಡ್ತಾರೆ’ ಎಂಬ ದೂರು ಎಲ್ಲೆಡೆ ಇದೆ. ನಿಮ್ಮ ಬೀದಿಯಲ್ಲೂ ಹಾಗಾದರೆ ಸುಮ್ನೆ ಕೈಬಿಡಬೇಡಿ. ನಾಲ್ಕೈದು ಮನೆಯವರು ಸೇರಿ, ತಿಂಗಳಿಗೆ ಎರಡು ಸಲ ಒಣ ಕಸದ ಚೀಲಗಳನ್ನು ನೇರವಾಗಿ ವಾರ್ಡಿನ ಸಂಗ್ರಹ ಕೇಂದ್ರಕ್ಕೇ ಮುಟ್ಟಿಸಿ. ತೊಳೆದು ಒಣಗಿಸಿದ್ದು ಅಷ್ಟು ದಿನ ಮನೆಯಲ್ಲಿದ್ದರೂ ನಾರುವುದಿಲ್ಲ.