ವಾರಂಟಿ ಮುಗಿದ ಚಿನ್ನದ ಒಡವೆಯ ಆರೈಕೆ ಮತ್ತು ದುರಸ್ತಿ

ಅಂಗಡಿಯ ವಾರಂಟಿ ಮುಗಿದ ಮೇಲೆ ಒಡವೆಯನ್ನು ತಿಂಗಳಿಗೊಮ್ಮೆ ನಾವೇ ಪರೀಕ್ಷಿಸಿಕೊಳ್ಳಬೇಕು. ಕಲ್ಲಿನ ಓಲೆಯನ್ನು ಕಿವಿಯ ಬಳಿ ಹಿಡಿದು ಮೆಲ್ಲಗೆ ಅಲುಗಿಸಿದಾಗ ಟಿಕ್ ಟಿಕ್ ಸದ್ದು ಕೇಳಿಸಿದರೆ, ಕಲ್ಲು ಸಡಿಲವಾಗಿದೆಯೆಂದು ತಿಳಿದು, ಅದು ಬಿದ್ದುಹೋಗುವ ಮೊದಲೇ ಅನುಭವಿ ಅಕ್ಕಸಾಲಿಗರಲ್ಲಿಗೆ ಒಯ್ಯಬೇಕು. ಮನೆಯಲ್ಲಿ ಅಂಟು ಹಾಕುವುದು ಖಂಡಿತ ಬೇಡ, ಅದನ್ನು ಕೆರೆದು ತೆಗೆಯುವಾಗ ಒಡವೆಗೇ ಪೆಟ್ಟಾಗಬಹುದು.

ಒಡವೆಯನ್ನು ಒಪ್ಪಿಸುವ ಮುನ್ನ ನಿಮ್ಮೆದುರಿನಲ್ಲೇ ತೂಕ ಮಾಡಿಸಿ, ಕಲ್ಲುಗಳ ಎಣಿಕೆಯನ್ನೂ ಹಾಲ್‌ಮಾರ್ಕ್‌ನ ಆರು ಅಕ್ಷರ–ಅಂಕಿಗಳ ವಿಶಿಷ್ಟ ಗುರುತು ಸಂಖ್ಯೆಯಾದ ಎಚ್‌ಯುಐಡಿಯನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ತುಂಡಾದ ಸರಕ್ಕೆ ಕ್ಯಾಡ್ಮಿಯಂ ಎಂಬ ವಿಷಕಾರಿ ಲೋಹ ಇಲ್ಲದ ಬೆಸುಗೆಯನ್ನೇ ಕೇಳಿ. ಕ್ಯಾಡ್ಮಿಯಂ ಹೊಗೆ ಕೆಲಸಗಾರರ ಶ್ವಾಸಕೋಶಕ್ಕೆ ಹಾನಿಕರ, ಅವರ ಆರೋಗ್ಯವೂ ನಮ್ಮ ಕಾಳಜಿಯಾಗಬೇಕು.

ಉಗುರುಬೆಚ್ಚಗಿನ ಸೋಪಿನ ನೀರು, ಮೆತ್ತನೆಯ ಬ್ರಷ್ ಚಿನ್ನಕ್ಕೆ ಸಾಕು. ಮುತ್ತು, ಹವಳಗಳನ್ನು ಮಾತ್ರ ನೆನೆಸದೆ, ಧರಿಸಿ ತೆಗೆದ ಕೂಡಲೇ ಹತ್ತಿಬಟ್ಟೆಯಿಂದ ಒರೆಸಿ ಬೇರೆಯಾಗಿಯೇ ಇಡಿ.