ಕೊಳವೆಬಾವಿ ಪಂಪಿನ ದಕ್ಷತೆ: ತಪ್ಪಿದ ಲೆಕ್ಕ ಸರಿಹೋದ ಬಗೆ

ಹೊಳಲ್ಕೆರೆ ಕಡೆಯ ನಮ್ಮ ಅಡಿಕೆ ತೋಟದ 5 ಎಚ್‌ಪಿ ಸಬ್‌ಮರ್ಸಿಬಲ್ ಪಂಪಿನ ದಕ್ಷತೆ, ಅಂದರೆ ಎಳೆದ ವಿದ್ಯುತ್ತಿನಲ್ಲಿ ನೀರೆತ್ತಲು ನಿಜವಾಗಿ ಬಳಕೆಯಾದ ಪಾಲು, ಲೆಕ್ಕದಲ್ಲಿ ಶೇ 79 ಬರುತ್ತಿತ್ತು. ಕೊನೆಯ ಸಾಲಿನ ಗಿಡಗಳಿಗೆ ಮಾತ್ರ ನೀರು ತಲುಪುತ್ತಿರಲಿಲ್ಲ. ಇಂತಹ ಪಂಪಿಗೆ, ಮೋಟಾರ್ ಸೇರಿ, ಅಷ್ಟು ದಕ್ಷತೆ ಸಾಧ್ಯವೇ ಇಲ್ಲ.

5 ಎಚ್‌ಪಿಯನ್ನು 0.746ರಿಂದ ಗುಣಿಸಿ 3.73 ಕಿಲೋವ್ಯಾಟ್ ಎಂದು ಹಿಡಿದದ್ದು ತಪ್ಪು, ಏಕೆಂದರೆ ಅದು ಮೋಟಾರ್ ಕೊಡಬಲ್ಲ ಶಕ್ತಿಯೇ ಹೊರತು ಎಳೆಯುವ ವಿದ್ಯುತ್ತಲ್ಲ. ವೋಲ್ಟ್, ಆಂಪಿಯರ್ ಮತ್ತು ಮೂರು ಫೇಸಿನ 1.732ನ್ನು ಗುಣಿಸಿದಾಗ ಪವರ್ ಫ್ಯಾಕ್ಟರ್ (ಆ ಗುಣಲಬ್ಧದಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಬಿಟ್ಟುಹೋಗಿ ಶೇ 52 ಬಂತು; ಅದೂ ಸುಳ್ಳು.

ದೊಡ್ಡ ತಪ್ಪು ಇದ್ದದ್ದು ಆಳದಲ್ಲಿ. ಪಂಪ್ ಇಳಿಬಿಟ್ಟ 150 ಮೀಟರನ್ನೇ ನಾನು ಹೆಡ್ (ನೀರನ್ನು ಎತ್ತಬೇಕಾದ ಎತ್ತರ) ಎಂದು ಬರೆಯುತ್ತಿದ್ದೆ. ಬೇಕಾದದ್ದು ಪಂಪ್ ಓಡುತ್ತಿರುವಾಗ ನೀರು ನಿಲ್ಲುವ ಮಟ್ಟ. ಎರಡೆಳೆ ವೈರಿನ ತುದಿ ಸುಲಿದು, ಒದ್ದೆ ಪೈಪಿಗೆ ತಾಗದಂತೆ ಗೇಣುದ್ದದ ಪ್ಲಾಸ್ಟಿಕ್ ಕೊಳವೆಯೊಳಗೆ ಕೂರಿಸಿ, ತೂಕಕ್ಕೆ ನಟ್ ಕಟ್ಟಿ, ಮೀಟರಿಗೊಂದು ಗುರುತು ಹಾಕಿ, ಪಂಪ್ ಒಂದು ಗಂಟೆ ಓಡಿದ ಮೇಲೆ ಇಳಿಸಿದೆ. 84 ಮೀಟರಿನಲ್ಲಿ ತುದಿ ನೀರಿಗೆ ತಾಗಿ, ವೈರಿಗೆ ಜೋಡಿಸಿದ್ದ ಮಲ್ಟಿಮೀಟರ್ ಮುಳ್ಳು ಅಲುಗಿತು. ಬಾವಿಯ ಬಾಯಲ್ಲಿ ಗೇಜ್ ಚದರ ಸೆಂಟಿಮೀಟರಿಗೆ 0.6 ಕೆಜಿ ಒತ್ತಡ ತೋರಿಸುತ್ತಿತ್ತು, ಅಂದರೆ ಇನ್ನು 6 ಮೀಟರ್, ಒಟ್ಟು 90.

ವಾಲ್ವ್ ಮುಟ್ಟದೆ, 200 ಲೀಟರ್ ಡ್ರಮ್ ತುಂಬಲು ಹಿಡಿದದ್ದು 100 ಸೆಕೆಂಡು: ಸೆಕೆಂಡಿಗೆ 2 ಲೀಟರ್. ಇದನ್ನು ಹೆಡ್ ಮತ್ತು ಗುರುತ್ವದ 9.81ರಿಂದ ಗುಣಿಸಿದರೆ, 2 × 90 × 9.81, ನೀರಿಗೆ ಸಿಕ್ಕ ಶಕ್ತಿ 1,766 ವ್ಯಾಟ್.

ವಿದ್ಯುತ್ತನ್ನು ಮೀಟರಿನ ಕೆಂಪು ದೀಪದಿಂದಲೇ ಅಳೆದೆ. ಯೂನಿಟ್ಟಿಗೆ 1600 ಮಿಣುಕು ಎಂದು ಅದರ ಮೇಲೆಯೇ ಅಚ್ಚಾಗಿದೆ. 20 ಸೆಕೆಂಡಿಗೆ 40 ಮಿಣುಕು ಬಂದವು, ಅಂದರೆ 4.5 ಕಿಲೋವ್ಯಾಟ್. 1,766ನ್ನು 4,500ರಿಂದ ಭಾಗಿಸಿದರೆ ನಿಜವಾದ ದಕ್ಷತೆ ಶೇ 39. ಮೂರೂ ಅಳತೆಗಳನ್ನು ಪಂಪ್ ನಿಲ್ಲಿಸದೆ ಒಂದೇ ಓಟದಲ್ಲಿ ತೆಗೆಯಬೇಕು.